ಬಿಳಿಚಿದ ಫೈಬರ್ ದೋಣಿಗೆ ಹೊಳಪು: ತುಮಕೂರಿನ ಕಾರು ಪೇಂಟ್ ಅಂಗಡಿಯ ಸಾಮಾನು ಸಾಲುತ್ತದೆಯೇ?

ದೋಣಿಗೆಂದೇ ತಯಾರಾದ ಪಾಲಿಶ್ ಡಬ್ಬಿ ತುಮಕೂರಿನಲ್ಲಿ ಸಿಗುವುದು ಅಪರೂಪ. ಆನ್‌ಲೈನಿನಲ್ಲಿ ತರಿಸಿದರೆ ಬೆಲೆ ಜಾಸ್ತಿ. ಬಿ.ಎಚ್. ರಸ್ತೆಯ ಆಸುಪಾಸಿನ ಕಾರು ಪೇಂಟ್ ಅಂಗಡಿ, ಒಂದು ಹಾರ್ಡ್‌ವೇರ್ ಅಂಗಡಿ, ಒಂದು ದಿನಸಿ ಅಂಗಡಿ, ಈ ಮೂರರ ಸಾಮಾನಿನಲ್ಲೇ 14 ಅಡಿ ಉದ್ದದ ಫೈಬರ್ ದೋಣಿಯನ್ನು ಶೆಡ್ಡಿನಲ್ಲಿಟ್ಟುಕೊಂಡು ನಾವೇ ಹೊಳೆಯಿಸಬಹುದೇ? ಬಹುಮಟ್ಟಿಗೆ ಹೌದು. ಕಾಂಪೌಂಡ್ (ಉಜ್ಜಿ ಹೊಳಪು ತರಿಸುವ ಪೇಸ್ಟ್ ಇಲ್ಲವೇ ದ್ರವ) ಸಾಕು, ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಸಾಕು, ವ್ಯಾಕ್ಸೂ ನಡೆಯುತ್ತದೆ. ಕೈಕೊಡುವುದು ಎರಡೇ: ಮೆಷಿನ್ ಮತ್ತು ನೀರು. ಅದಕ್ಕೇ ಈ ವಿಮರ್ಶೆಯಲ್ಲಿ ಅವೆರಡರ ಪಾಲು ಹೆಚ್ಚು.

ಸಾಮಾನು ಕೊಳ್ಳುವ ಮೊದಲು ದೋಣಿಯನ್ನೇ ಪರೀಕ್ಷಿಸಿ. ಫೈಬರ್ ಮೇಲಿನ ಬಣ್ಣದ ಪದರ ಪೇಂಟ್ ಅಲ್ಲ, ಜೆಲ್‌ಕೋಟ್. ಅಂದರೆ ಬಣ್ಣ ಬೆರೆಸಿದ ಪಾಲಿಯೆಸ್ಟರ್ ರೆಸಿನ್. ಹೊಸದರಲ್ಲಿ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್, ಕಾರಿನ ಬಣ್ಣದ ಮೇಲಿನ ಪಾರದರ್ಶಕ ಕ್ಲಿಯರ್‌ಕೋಟಿನ ಹತ್ತು ಪಟ್ಟಿನಷ್ಟು. ಬಿಸಿಲಿನ ಅತಿನೇರಳೆ ಕಿರಣಕ್ಕೆ ಮೇಲ್ಮೈಯ ರೆಸಿನ್ ಸವೆದು ಪುಡಿಯಾಗುತ್ತದೆ. ಬೆರಳಿಗೆ ಸೀಮೆಸುಣ್ಣದಂತೆ ಹತ್ತುವುದು ಅದೇ. ದೇಶದ ದೊಡ್ಡ ಸೋಲಾರ್ ಪಾರ್ಕುಗಳಲ್ಲೊಂದು ಪಾವಗಡದಲ್ಲಿರುವ ಜಿಲ್ಲೆಯಲ್ಲಿ ಬಿಸಿಲಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕೆಂಪು, ನೀಲಿ ದೋಣಿಗಳಲ್ಲಿ ಇದು ಬೇಗ ಕಣ್ಣಿಗೆ ಬೀಳುತ್ತದೆ.

ಬಿಳಿಚಿದ ಜಾಗಕ್ಕೆ ನೀರು ಎರಚಿ ನೋಡಿ. ಒದ್ದೆಯಿರುವಷ್ಟು ಹೊತ್ತು ಹಳೆಯ ಬಣ್ಣ ಮರಳಿ, ಒಣಗಿದೊಡನೆ ಮತ್ತೆ ಬಿಳಿಚಿದರೆ ದೋಣಿ ಪಾಲಿಶ್‌ಗೆ ಬಗ್ಗುತ್ತದೆ. ಒದ್ದೆಯಲ್ಲೂ ಬಣ್ಣ ಬರದೆ ನಾರಿನ ನೇಯ್ಗೆ ಕಂಡರೆ ಜೆಲ್‌ಕೋಟ್ ಮುಗಿದಿದೆ. ಮತ್ತೆ ಜೆಲ್‌ಕೋಟ್ ಹೊಡೆಸಬೇಕೇ ಹೊರತು ಕಾಂಪೌಂಡಿಗೆ ದುಡ್ಡು ಸುರಿದು ಫಲವಿಲ್ಲ. ಜೇಡರಬಲೆಯಂಥ ಬಿರುಕು, ಒಳಗೆ ನೀರು ತುಂಬಿದ ಬೊಬ್ಬೆ ಇದ್ದರೆ ಮೊದಲು ರಿಪೇರಿ, ಆಮೇಲೆ ಹೊಳಪು. ಕೆರೆಗಳಲ್ಲಿ ತೇಲುವ ಪೆಡಲ್ ದೋಣಿಗಳಲ್ಲಿ ಕೆಲವು ಫೈಬರೇ ಅಲ್ಲ, ನೀರಿನ ಸಿಂಟೆಕ್ಸ್ ಟ್ಯಾಂಕಿನ ಜಾತಿಯ ಪ್ಲಾಸ್ಟಿಕ್. ಅವುಗಳಿಗೆ ಇಲ್ಲಿ ಹೇಳುವ ಯಾವುದೂ ಹಿಡಿಯುವುದಿಲ್ಲ.

ಈಗ ನೀರು. ಹೇಮಾವತಿ ನಾಲೆಯ ನೀರಲ್ಲಿ ತೊಳೆದ ದೋಣಿಗೂ ಪಾವಗಡ, ಮಧುಗಿರಿ ಕಡೆಯ ಬೋರ್‌ವೆಲ್ ನೀರಲ್ಲಿ ತೊಳೆದ ದೋಣಿಗೂ ಒಣಗಿದ ಮೇಲೆ ವ್ಯತ್ಯಾಸ ಕಾಣುತ್ತದೆ. ಗಡಸು ನೀರಿನ ಹನಿ ಆರಿದ ಕಡೆಯೆಲ್ಲ ಸುಣ್ಣದ ಚುಕ್ಕೆ ಉಳಿಯುತ್ತದೆ. ಅದರ ಮೇಲೆಯೇ ಮೆಷಿನ್ ಓಡಿಸಿದರೆ ಆ ಹರಳುಗಳು ಪ್ಯಾಡಿಗೆ ಸಿಕ್ಕಿ ಗೀರು ಎಳೆಯುತ್ತವೆ. ಹಾಗಾಗಿ ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲಿ ಒಮ್ಮೆ ತೊಳೆದು (ಹಳೆಯ ವ್ಯಾಕ್ಸೂ ಜಿಡ್ಡೂ ಒಟ್ಟಿಗೆ ಹೋಗಲಿ), ಸುಣ್ಣದ ಕಲೆಗೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಚ್ಚಬೇಕು. ಲೀಟರ್ ನೀರಿಗೆ 50 ಗ್ರಾಂ. ಬಟ್ಟೆ ಅದ್ದಿ ಕಲೆಯ ಮೇಲೆ ಐದು ನಿಮಿಷ ಹೊದಿಸಿ, ಉಜ್ಜಿ ತೊಳೆಯಿರಿ. ದಿನಸಿ ಅಂಗಡಿಯ ಈ ಪುಡಿ ಇಡೀ ಕೆಲಸದಲ್ಲಿ ಅತಿ ಅಗ್ಗದ್ದು, ಕೊಟ್ಟ ಕಾಸಿಗೆ ಅತಿ ಹೆಚ್ಚು ದುಡಿಯುವುದೂ ಅದೇ.

ನೀರಿನ ಮಟ್ಟದ ಗೆರೆಯಲ್ಲಿ ಕೂರುವ ಕಂದು ಕಲೆ ಬೇರೆ. ಕೊಳೆತ ಎಲೆ, ಪಾಚಿ, ಬೋಲ್ಟಿನ ತುಕ್ಕಿನಿಂದ ಬರುವುದು ಅದು. ಅದಕ್ಕೆ ಆಕ್ಸಾಲಿಕ್ ಆಸಿಡ್ ಬೇಕು, ಇದೂ ಲೀಟರಿಗೆ 50 ಗ್ರಾಂ ಸಾಕು. ಎಡವಟ್ಟಾಗುವುದು ಇಲ್ಲಿಯೇ. ಆಕ್ಸಾಲಿಕ್ ಆಸಿಡ್ಡನ್ನು ಬೋರ್‌ವೆಲ್ ನೀರಿಗೆ ಹಾಕಿದರೆ ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಬಿಳಿ ಪುಡಿಯಾಗುತ್ತದೆ. ಬಕೆಟ್ಟಿನ ನೀರು ಮಜ್ಜಿಗೆಯಂತಾದರೆ ಆಸಿಡ್ಡಿನ ಒಂದು ಪಾಲು ಅಲ್ಲೇ ಖರ್ಚಾಗಿದೆ ಎಂದರ್ಥ, ಮೇಲಿಂದ ದೋಣಿಗೆ ಹೊಸ ಬಿಳಿ ಕಲೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನ್ ತಂದು ಅದರಲ್ಲೇ ಕಲಸಿ. ಅದೇ ಕಾರಣಕ್ಕೆ ಸುಣ್ಣದ ಕಲೆಗೆ ಆಕ್ಸಾಲಿಕ್ ಹಚ್ಚಬಾರದು. ಮೊದಲು ನಿಂಬೆ ಉಪ್ಪು, ಚೆನ್ನಾಗಿ ತೊಳೆದ ಮೇಲೆ ಆಕ್ಸಾಲಿಕ್. ಆಕ್ಸಾಲಿಕ್ ವಿಷ. ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ, ಪ್ಲಾಸ್ಟಿಕ್ ಬಕೆಟ್ ಬೇಕು. ಅಡುಗೆಮನೆಯ ಪಾತ್ರೆ ಮುಟ್ಟಬೇಡಿ, ತೊಳೆದ ನೀರನ್ನು ಕೆರೆಗೆ ಬಿಡಬೇಡಿ. ಬ್ಲೀಚಿಂಗ್ ಪುಡಿಯ ಜೊತೆ ಯಾವ ಆಸಿಡ್ಡೂ ಸೇರಬಾರದು, ಕ್ಲೋರಿನ್ ಅನಿಲ ಏಳುತ್ತದೆ. ಇನ್ನು ಬಾತ್‌ರೂಮ್ ಟೈಲ್ಸ್ ತೊಳೆಯುವ ಆಸಿಡ್: ಕಲೆ ಹೋಗುವುದು ನಿಜ, ಜೊತೆಗೆ ಅಲ್ಯೂಮಿನಿಯಂ ರಿವೆಟ್ಟು, ಸ್ಟೀಲ್ ಕೊಂಡಿಗಳೂ ತಿಂದುಹೋಗುತ್ತವೆ. ಬೇಡ.

ಮೆಷಿನ್ ವಿಷಯಕ್ಕೆ ಬಂದರೆ, ವೆಲ್ಡಿಂಗ್ ಅಂಗಡಿಯಲ್ಲಿರುವ ನಾಲ್ಕಿಂಚಿನ ಗ್ರೈಂಡರಿಗೆ ಉಣ್ಣೆ ಪ್ಯಾಡ್ ಸಿಕ್ಕಿಸಿ ಕೆಲಸ ಮುಗಿಸುವ ಉಪಾಯವನ್ನು ಹಾರ್ಡ್‌ವೇರ್ ಅಂಗಡಿಯವರೇ ಹೇಳಿಕೊಡುತ್ತಾರೆ. ಆ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಜೆಲ್‌ಕೋಟಿಗೆ ಬೇಕಾದದ್ದು 1,000ದಿಂದ 1,800. ಗ್ರೈಂಡರ್ ಇಟ್ಟ ಕ್ಷಣಾರ್ಧದಲ್ಲಿ ರೆಸಿನ್ ಕಾದು ಹಳದಿಯಾಗುತ್ತದೆ, ಕಾಂಪೌಂಡ್ ಸಿಡಿದು ಗೋಡೆ ಸೇರುತ್ತದೆ. ಸುಟ್ಟ ಗುರುತು ಪಾಲಿಶ್‌ನಿಂದ ಹೋಗುವುದಿಲ್ಲ.

ಬೇಕಾದದ್ದು ವೇಗ ಹೊಂದಿಸಬಹುದಾದ 7 ಇಂಚಿನ ರೋಟರಿ ಪಾಲಿಶರ್. ಬಾಷ್ ಜಿಪಿಓ 14 ಸಿಇ 1,400 ವ್ಯಾಟಿನದು, 750ರಿಂದ 3,000 ಸುತ್ತಿನವರೆಗೆ ಹೊಂದಿಸಬಹುದು. ಒತ್ತಿದಾಗ ವೇಗ ಇಳಿಯದಂತೆ ಕಾಯುವ ಎಲೆಕ್ಟ್ರಾನಿಕ್ಸ್ ಇದರಲ್ಲಿದೆ, ಅಗಲ ಮೈಯ ದೋಣಿಗೆ ಇದೇ ಮುಖ್ಯ ಗುಣ. ಡಿವಾಲ್ಟ್ ಡಿಡಬ್ಲ್ಯೂಪಿ849ಎಕ್ಸ್ 1,250 ವ್ಯಾಟ್, 600ರಿಂದ 3,500 ಸುತ್ತು. ಕಡಿಮೆ ವೇಗದಲ್ಲಿ ಶುರುಮಾಡಲು ಅನುಕೂಲ, ಆದರೆ ದೋಣಿಯ ಪಕ್ಕಕ್ಕೆ ಅಡ್ಡ ಹಿಡಿದು ಗಂಟೆಗಟ್ಟಲೆ ಉಜ್ಜುವಾಗ ತೋಳು ಸೋಲುತ್ತದೆ. ಒಂದೇ ದೋಣಿಗಾಗಿ ಇಷ್ಟು ದುಡ್ಡು ಹಾಕುವುದಕ್ಕಿಂತ ಕಾರು ಡೀಟೇಲಿಂಗ್ ಮಾಡುವವರಿಂದ ಎರಡು ದಿನಕ್ಕೆ ಬಾಡಿಗೆಗೆ ಕೇಳುವುದು ಜಾಣತನ. ಡ್ಯುಯಲ್ ಆಕ್ಷನ್ ಮೆಷಿನ್ (ಪ್ಯಾಡ್ ತಿರುಗುತ್ತಲೇ ಅತ್ತಿತ್ತ ಅಲುಗುವಂಥದು) ಸಿಕ್ಕರೆ ಕಲಿಯುವವರಿಗೆ ಸುರಕ್ಷಿತ, ಸುಡುವ ಭಯ ಕಡಿಮೆ. ಬಿಳಿಚು ದಪ್ಪವಾಗಿದ್ದರೆ ಮಾತ್ರ ಅದು ತೀರ ನಿಧಾನ. ಕೊನೆಯ ಪಾಲಿಶ್‌ಗೆ ಇಟ್ಟುಕೊಳ್ಳಿ.

1,400 ವ್ಯಾಟಿನ ಮೆಷಿನ್ ಸುಮಾರು 6 ಆಂಪಿಯರ್ ಎಳೆಯುತ್ತದೆ. ಮಿಕ್ಸಿಗೆ ಹಾಕುವ ತೆಳು ಎಕ್ಸ್‌ಟೆನ್ಷನ್ ಬಿಸಿಯಾಗುತ್ತದೆ, 1.5 ಚದರ ಮಿ.ಮೀ. ತಂತಿಯದು, ಅರ್ತಿಂಗ್ ಇರುವ ಪ್ಲಗ್ಗು ಬೇಕು. ಹಳ್ಳಿಯಲ್ಲಿ ವೋಲ್ಟೇಜ್ ಇಳಿದ ಹೊತ್ತಿನಲ್ಲಿ ಓಡಿಸಿದರೆ ಮೋಟಾರಿನ ಬಲವೇ ಕುಗ್ಗುತ್ತದೆ.

ಪ್ಯಾಡಿನಲ್ಲಿ ಜಿಪುಣತನ ಬೇಡ. ದಾರ ಕಟ್ಟುವ ಉಣ್ಣೆ ಟೋಪಿ ಅಗ್ಗ, ಆದರೆ ತಿರುಗುವಾಗ ಜಾರಿ ರಬ್ಬರ್ ಅಂಚು ದೋಣಿಗೆ ತಾಗುತ್ತದೆ. ವೆಲ್ಕ್ರೋ ಅಂಟುವ ಉಣ್ಣೆ ಪ್ಯಾಡ್ ಎರಡು, ಫೋಮ್ ಪ್ಯಾಡ್ ಒಂದು ತೆಗೆದುಕೊಳ್ಳಿ. ಮೆಷಿನ್ನಿನ ತಿರುಪಿನ ಮರೆ (ಥ್ರೆಡ್) ಎಂ14, ಅಂದರೆ 14 ಮಿ.ಮೀ. ಅಳತೆಯದು ಇದ್ದರೆ ಬ್ಯಾಕಿಂಗ್ ಪ್ಯಾಡೂ (ಉಣ್ಣೆ, ಫೋಮ್ ಪ್ಯಾಡ್ ಅಂಟುವ ತಟ್ಟೆ) ಎಂ14 ಆಗಿರಲಿ. ಅಂಗಡಿಯಲ್ಲೇ ತಿರುಗಿಸಿ ನೋಡಿ.

ಕಾಂಪೌಂಡ್: ಕಾರು ಪೇಂಟ್ ಅಂಗಡಿಯಲ್ಲಿ ಎರಡು ಜಾತಿ ಸಿಗುತ್ತದೆ. ಒಂದು, ಬಿಳಿ ಬೆಣ್ಣೆಯಂಥ ಹಳೇ ಕಾಲದ ರಬ್ಬಿಂಗ್ ಪೇಸ್ಟ್. ಇದರ ಕಣ ಒರಟು, ಬಿಳಿಚು ಬೇಗ ಕೀಳುತ್ತದೆ, ಸುಳಿ ಗೀರು ಬಿಡುತ್ತದೆ. ಇನ್ನೊಂದು ಬಾಟಲಿಯಲ್ಲಿ ಬರುವ ಹೆವಿ ಕಟ್ (ಹೆಚ್ಚು ಕೀಳುವ) ದ್ರವ. ದೋಣಿಗೆ ಇದೇ ಸರಿ. ದೋಣಿಗೆಂದೇ ಮಾಡಿದ ಮರೀನ್ ಕಾಂಪೌಂಡಿಗೂ ಇದಕ್ಕೂ ಮುಖ್ಯ ವ್ಯತ್ಯಾಸ ಒಣಗುವುದರಲ್ಲಿದೆ. ಬಿಳಿಚಿದ ಜೆಲ್‌ಕೋಟ್ ಸಣ್ಣ ರಂಧ್ರಗಳಿಂದ ತುಂಬಿರುವುದರಿಂದ ಕಾರಿಗೆಂದು ಮಾಡಿದ ದ್ರವವನ್ನು ಬೇಗ ಹೀರುತ್ತದೆ, ಒಣಗಿದ ಕಾಂಪೌಂಡ್ ಪ್ಯಾಡಿನಲ್ಲಿ ಗಂಟು ಕಟ್ಟುತ್ತದೆ. ಸ್ಪ್ರೇ ಬಾಟಲಿಯಿಂದ ಆರ್‌ಓ ನೀರಿನ ಎರಡು ಸಿಂಪಡಿಕೆ ಕೊಟ್ಟರೆ ಆ ತೊಂದರೆ ಬಹುಪಾಲು ತೀರುತ್ತದೆ. ಆ ಕಾರಣಕ್ಕೇ ದುಬಾರಿ ಡಬ್ಬಿಯ ಅಗತ್ಯ ಅಷ್ಟಾಗಿ ಇಲ್ಲ ಎನ್ನುವುದು.

ಉಜ್ಜುವ ರೀತಿ ಹೀಗೆ: ನೆರಳಿನಲ್ಲಿ, ಮೈ ಮುಟ್ಟಿದರೆ ತಣ್ಣಗಿರುವಾಗ. ಅಂಚು, ಸ್ಟಿಕ್ಕರ್, ರಬ್ಬರ್ ಪಟ್ಟಿಗೆಲ್ಲ ಮಾಸ್ಕಿಂಗ್ ಟೇಪ್ ಹಾಕಿ. ಅಂಚಿನಲ್ಲಿ ಜೆಲ್‌ಕೋಟ್ ತೆಳು, ಪ್ಯಾಡಿನ ಒತ್ತಡ ಅಲ್ಲೇ ಹೆಚ್ಚು. ಎರಡಡಿ ಚೌಕಕ್ಕೆ ಸುಮಾರು 10 ಮಿ.ಲೀ. ಕಾಂಪೌಂಡ್ ಹಾಕಿ, ಮೆಷಿನ್ ಚಾಲೂ ಮಾಡದೆ ಪ್ಯಾಡಿನಿಂದ ಹರಡಿ, 1,000 ಸುತ್ತಿನಲ್ಲಿ ಶುರುಮಾಡಿ 1,500ಕ್ಕೆ ಏರಿಸಿ. ಅಡ್ಡ ಒಮ್ಮೆ, ಉದ್ದ ಒಮ್ಮೆ, ಪ್ರತಿ ಓಟ ಹಿಂದಿನದರ ಅರ್ಧ ಮುಚ್ಚಬೇಕು. ಮೆಷಿನ್ ನಿಲ್ಲಕೂಡದು. ಅಂಗೈ ಇಟ್ಟರೆ ಬಿಸಿ ತಡೆಯಲಾಗದಿದ್ದರೆ ವೇಗ ಇಳಿಸಿ. ನಾಲ್ಕೈದು ಚೌಕಕ್ಕೊಮ್ಮೆ ಪ್ಯಾಡನ್ನು ಗಟ್ಟಿ ನೈಲಾನ್ ಬ್ರಷ್ಷಿನಿಂದ ಕೆದರಿ, ಇಲ್ಲವಾದರೆ ಕಿತ್ತ ಪುಡಿಯನ್ನೇ ಮತ್ತೆ ದೋಣಿಗೆ ಮೆತ್ತುತ್ತೀರಿ. ದೋಣಿಯ ಹೊರಮೈ 130 ಚದರಡಿ ಎಂದಿಟ್ಟುಕೊಂಡರೆ ಒಂದು ಸುತ್ತಿಗೆ 330 ಮಿ.ಲೀ., ಎರಡು ಸುತ್ತಿಗೆ 660. ಒಂದು ಲೀಟರ್ ತಂದರೆ ಉಳಿಯುತ್ತದೆ.

ಹೊಳಪು ಬಂತೆಂದು ನಂಬುವ ಮೊದಲು ಐಸೋಪ್ರೊಪೈಲ್ ಆಲ್ಕೋಹಾಲಿಗೆ ಅಷ್ಟೇ ನೀರು ಬೆರೆಸಿ ಒಂದು ಚೌಕ ಒರೆಸಿ. ಕೆಲವು ಕಾಂಪೌಂಡಿನ ಎಣ್ಣೆ ಗೀರುಗಳನ್ನು ತುಂಬಿ ಕಣ್ಣಿಗೆ ಮಣ್ಣೆರಚುತ್ತದೆ. ಎಣ್ಣೆ ಹೋದಾಗ ಮಬ್ಬು ಮರಳಿದರೆ ಇನ್ನೊಂದು ಸುತ್ತು ಬಾಕಿಯಿದೆ.

ಎರಡು ಸುತ್ತಿಗೂ ಮಣಿಯದ ಬಿಳಿಚಿಗೆ ಮಾತ್ರ ವಾಟರ್ ಪೇಪರ್. 1,000 ನಂಬರಿನಿಂದ ಶುರುಮಾಡಿ 1,500, 2,000 (ನಂಬರ್ ಹೆಚ್ಚಿದಷ್ಟು ಪೇಪರ್ ನಯ). ತೀರ ಕೆಟ್ಟಿದ್ದರೆ 800. ಸಾಬೂನು ನೀರು, ಮರದ ಇಲ್ಲವೇ ರಬ್ಬರ್ ತುಂಡಿಗೆ ಸುತ್ತಿದ ಪೇಪರ್. ಬರಿ ಬೆರಳಿನಿಂದ ಉಜ್ಜಿದರೆ ಗುಂಡಿ ಬೀಳುತ್ತದೆ. ನಂಬರ್ ಬದಲಾದಾಗ ದಿಕ್ಕು ಬದಲಿಸಿ, ಆಗ ಹಿಂದಿನ ಗೀರು ಉಳಿದಿದೆಯೋ ಇಲ್ಲವೋ ಗೊತ್ತಾಗುತ್ತದೆ. ನಡುವಿನ ಒಂದು ನಂಬರ್ ಬಿಟ್ಟು ಹಾರಿದವರೇ ಆಮೇಲೆ ಕಾಂಪೌಂಡನ್ನು ಬೈಯುವುದು. ಒಣಗಿಸಿ ಉಜ್ಜಬೇಡಿ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ವ್ಯಾಕ್ಸ್ ಬಗ್ಗೆ ಹೆಚ್ಚಿಲ್ಲ. ಕಾರ್ನೌಬಾ (ಒಂದು ಬಗೆಯ ಗಿಡದ ಮೇಣ) ಪೇಸ್ಟ್ ಹೊಳಪಿಗೆ ಚೆನ್ನ, ನಮ್ಮ ಬಿಸಿಲಿನಲ್ಲಿ ಬಾಳಿಕೆ ಕಡಿಮೆ. ಪಾಲಿಮರ್ ಸೀಲೆಂಟ್ ಅದಕ್ಕಿಂತ ಹೆಚ್ಚು ತಡೆಯುತ್ತದೆ. ಬಿಸಿಲಲ್ಲೇ ನಿಲ್ಲುವ ದೋಣಿಗೆ ಸೀಲೆಂಟ್ ಕೊಳ್ಳಿ. ತೆಳುವಾಗಿ ಎರಡು ಕೋಟ್ ಹಚ್ಚಿ, ಅದು ಒಣಗಿ ಮಂಜಿನಂತೆ ಮಬ್ಬಾದ ಮೇಲೆ ಮೈಕ್ರೋಫೈಬರ್ ಬಟ್ಟೆಯಿಂದ ತೆಗೆಯಿರಿ. ಕಾಲಿಡುವ ತರಿ ನೆಲಕ್ಕೆ ವ್ಯಾಕ್ಸ್ ತಾಗಿಸಬೇಡಿ, ಒದ್ದೆಯಾದಾಗ ಜಾರಿ ಬೀಳುತ್ತಾರೆ. ಮುಂದೆ ತೊಳೆಯುವಾಗ ಪಾತ್ರೆ ಲಿಕ್ವಿಡ್ ಬೇಡ, ಕಾರು ಶಾಂಪೂ ಸಾಕು. ತೊಳೆದ ನೀರು ಗಡಸಾಗಿದ್ದರೆ ಆರಲು ಬಿಡದೆ ಬಟ್ಟೆಯಿಂದ ಒರೆಸಿಬಿಡಿ. ಮೈಮೇಲೆ ಬಿದ್ದ ನೀರು ಮಣಿಯಾಗಿ ನಿಲ್ಲದೆ ಹಾಳೆಯಂತೆ ಹರಡಲು ಶುರುವಾದರೆ ಮತ್ತೊಂದು ಕೋಟ್ ಹಚ್ಚುವ ಹೊತ್ತಾಗಿದೆ. ಆಗ ಕಾಂಪೌಂಡ್ ಬೇಕಾಗುವುದಿಲ್ಲ.