ಚೆನ್ನೈಯೋ ಮುಂಬೈಯೋ? ಬೆಂಗಳೂರು ಬಿಡುವವರಿಗೆ ಬಾಡಿಗೆಯ ಲೆಕ್ಕ

ಎರಡೂ ಊರಿನಿಂದ ಕೆಲಸದ ಕರೆ ಬಂದಿದ್ದರೆ ಬಾಡಿಗೆಗಿಂತ ಮೊದಲು ಮುಂಗಡ ವಿಚಾರಿಸಿ. ತಮಿಳುನಾಡಿನ 2017ರ ಬಾಡಿಗೆ ಕಾಯ್ದೆಯಂತೆ, ಬೇರೆ ಒಪ್ಪಂದವಿಲ್ಲದಿದ್ದರೆ, ಮುಂಗಡ ಮೂರು ತಿಂಗಳ ಬಾಡಿಗೆಯನ್ನು ಮೀರುವಂತಿಲ್ಲ. ಆ ‘ಬೇರೆ ಒಪ್ಪಂದ’ದ ಸಂದಿಯಲ್ಲಿ ನುಸುಳುವ ಮಾಲೀಕರೂ ಇದ್ದಾರೆ. 30,000 ರೂಪಾಯಿ ಬಾಡಿಗೆಯ ಮನೆಗೆ ಮೂರು ತಿಂಗಳೆಂದರೆ 90,000. ಆರು ಕೇಳಿದರೆ 1.8 ಲಕ್ಷ. ಚೌಕಾಸಿಗೆ ಕುಳಿತಾಗ ಕಾಯ್ದೆಯ ಹೆಸರೆತ್ತಲು ಸಂಕೋಚ ಬೇಡ.

ಮುಂಬೈಯಲ್ಲಿ ಸಾಮಾನ್ಯವಾಗಿ 11 ತಿಂಗಳ ‘ಲೀವ್ ಅಂಡ್ ಲೈಸೆನ್ಸ್’ ಕರಾರು, ಅಂದರೆ ನಿಗದಿತ ಅವಧಿಗೆ ವಾಸಿಸಲು ಮಾಲೀಕ ಕೊಡುವ ಅನುಮತಿ ಪತ್ರ. ಅದರ ನೋಂದಣಿ ಕಡ್ಡಾಯ. ದಲ್ಲಾಳಿಗೆ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ತೆರಬೇಕು. ಕರಾರು ನವೀಕರಿಸುವಾಗ ಆತ ಮತ್ತೆ ಕೈ ಚಾಚುವುದೂ ಉಂಟು. ಸೊಸೈಟಿಯ ನಿರ್ವಹಣಾ ಶುಲ್ಕವನ್ನು ಬಹುತೇಕ ಮಾಲೀಕರೇ ಕಟ್ಟುತ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಅದನ್ನು ಬೇರೆಯಾಗಿ ಕಟ್ಟಿ ಸುಸ್ತಾದವರಿಗೆ ಇದೊಂದು ಸಮಾಧಾನ.

ಜಾಗದಲ್ಲಿ ಮಾತ್ರ ಹೋಲಿಕೆಯೇ ಇಲ್ಲ. ಚೆನ್ನೈಯ ಕ್ರೋಮ್‌ಪೇಟೆಯಲ್ಲಿ ಎರಡು ಕೋಣೆಯ ಮನೆ ಸಿಗುವ ಹಣಕ್ಕೆ ಮುಂಬೈಯ ಅಂಧೇರಿಯಲ್ಲಿ ಒಂದು ಕೋಣೆ ದಕ್ಕಿದರೆ ಪುಣ್ಯ. ಮುಂಬೈಯಾಚೆಯ ಡೊಂಬಿವಲಿಗೆ ಹೋದರೆ ಬಾಡಿಗೆ ಇಳಿಯುತ್ತದೆ, ಆದರೆ ಬೆಳಗಿನ ಲೋಕಲ್ ರೈಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಚೆನ್ನೈಯಲ್ಲಿ ಕೇಳಬೇಕಾದದ್ದು ನೀರಿನ ಬಗ್ಗೆ. ಬೇಸಿಗೆಯಲ್ಲಿ ಲಾರಿ ನೀರಿನ ಖರ್ಚು ಯಾರದು? 2015ರ ಡಿಸೆಂಬರ್‌ನ ಪ್ರವಾಹದಲ್ಲಿ ನೆಲಮಹಡಿ ಮುಳುಗಿತ್ತೇ? ತಗ್ಗು ಪ್ರದೇಶವಾದ ವೇಳಚೇರಿಯಲ್ಲಾದರೆ ಈ ಪ್ರಶ್ನೆ ಬಿಡಲೇಬೇಡಿ.

ಮಕ್ಕಳಿರುವ ಸಂಸಾರಕ್ಕೆ ನನ್ನ ಮತ ಚೆನ್ನೈಗೆ. ಒಂಟಿಯಾಗಿದ್ದು, ಕಚೇರಿ ರೈಲು ನಿಲ್ದಾಣದ ಪಕ್ಕದಲ್ಲೇ ಇದ್ದರೆ ಮುಂಬೈಯೂ ಆದೀತು.