ಅರ್ಜಿಯಲ್ಲಿ ‘500 ಜನ’ ಅಂತ ಬರೆಯಬೇಡಿ: ರಸಮಂಜರಿ ಇಡುವ ಸಮಿತಿಗಳಿಗೆ ಎಚ್ಚರಿಕೆ

ಗಣೇಶನ ಹಬ್ಬಕ್ಕೋ ರಾಜ್ಯೋತ್ಸವಕ್ಕೋ ಆರ್ಕೆಸ್ಟ್ರಾ ಮಾತಾಡಿ ಅಡ್ವಾನ್ಸ್ ಕೊಟ್ಟಿರುವ ಸಮಿತಿಯವರು ಇದನ್ನು ಓದಿ. ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ನಡೆದದ್ದು. ಊರು, ಸಮಿತಿ, ಠಾಣೆಯ ಹೆಸರು ಬೇಡ. ಇಂಥ ಅರ್ಜಿ ಎಲ್ಲ ಊರಲ್ಲೂ ಬರೀತಾರೆ.

ವಿಸರ್ಜನೆಯ ರಾತ್ರಿ ಶಾಲಾ ಮೈದಾನದಲ್ಲಿ ರಸಮಂಜರಿ. ಟಿವಿಯಲ್ಲಿ ಹಾಡಿ ಹೆಸರಾದ ಗಾಯಕರು ಬರ್ತಾರೆ ಅಂತ ಸುತ್ತಲ ಹಳ್ಳಿಗಳಿಗೆಲ್ಲ ಫ್ಲೆಕ್ಸ್ ಕಟ್ಟಿದ್ದರು. ಠಾಣೆಗೆ ಕೊಟ್ಟ ಅರ್ಜಿಯಲ್ಲಿ ಮಾತ್ರ ‘ಸುಮಾರು 500 ಜನ ಸೇರುವ ನಿರೀಕ್ಷೆ ಇದೆ’. ಜಾಸ್ತಿ ಬರೆದರೆ ಅಗ್ನಿಶಾಮಕದವರ ಪತ್ರ ತನ್ನಿ, ವೇದಿಕೆಗೆ ಎಂಜಿನಿಯರ್ ಪತ್ರ ತನ್ನಿ ಅಂತ ಓಡಾಡಿಸ್ತಾರೆ ಎಂಬ ಲೆಕ್ಕಾಚಾರ. 500ಕ್ಕೆ ತಕ್ಕ ಬಂದೋಬಸ್ತೇ ಸಿಕ್ಕಿತು: ಇಬ್ಬರು ಕಾನ್‌ಸ್ಟೇಬಲ್, ಒಬ್ಬ ಹೋಂ ಗಾರ್ಡ್. ಆ ರಾತ್ರಿ ಬಂದವರು 3,000ಕ್ಕೆ ಕಡಿಮೆಯಿಲ್ಲ.

ಒಂಬತ್ತೂವರೆಗೆ ಮಳೆ ಹನಿಯಿತು. ಎಲ್ಲರೂ ಒಮ್ಮೆಗೇ ಗೇಟಿನ ಕಡೆ ತಿರುಗಿದರು. ಗೇಟು ಎರಡು ಬಾಗಿಲಿನದು, ಪೂರ್ತಿ ತೆರೆದರೆ 3.6 ಮೀಟರ್. ಒಂದು ಬಾಗಿಲಿನ ಹಿಂದೆ ಜನರೇಟರ್ ಗಾಡಿ ನಿಂತಿತ್ತು, ಉಳಿದದ್ದು 1.8 ಮೀಟರ್. ಗೇಟಿನಾಚೆ ಗೋಬಿ ಮಂಚೂರಿ ಗಾಡಿಗಳು. ಚರಂಡಿ ಮೇಲಿನ ಚಪ್ಪಡಿ ಒಂದು ಕಡೆ ಎತ್ತಿಕೊಂಡಿತ್ತು, ಮೊದಲು ಎಡವಿದ್ದು ಅಲ್ಲೇ. ಹಿಂದಿನವರಿಗೆ ಮುಂದೆ ಬಿದ್ದದ್ದು ಕಾಣುವುದಿಲ್ಲ, ತಳ್ಳುತ್ತಲೇ ಇರುತ್ತಾರೆ. ಜೀವ ಹೋಗಲಿಲ್ಲ, ಕೈಕಾಲು ಮುರಿದವರಲ್ಲಿ ಹೆಂಗಸರು ಮಕ್ಕಳೇ ಹೆಚ್ಚು. ಮಾರನೇ ದಿನ ಅಧ್ಯಕ್ಷ, ಕಾರ್ಯದರ್ಶಿ ಮೇಲೆ ಎಫ್‌ಐಆರ್. ಅದರ ಜೊತೆ ಹೋದ ಮೊದಲ ದಾಖಲೆ ಯಾವುದು ಗೊತ್ತೇ? ಅವರೇ ಸಹಿ ಹಾಕಿದ ‘500 ಜನ’ದ ಅರ್ಜಿ.

ಲೆಕ್ಕ ಕಷ್ಟದ್ದಲ್ಲ, ಟೇಪ್ ಹಿಡಿದು ಅಳೆಯಬೇಕು ಅಷ್ಟೆ. ವೇದಿಕೆ, ಅದರ ಮುಂದೆ ಜನರನ್ನು ಬಿಡದೆ ಖಾಲಿ ಇಡುವ ‘ಡಿ’ ಜಾಗ, ಸೌಂಡ್ ಕನ್ಸೋಲ್, ಸ್ಪೀಕರ್ ಇವನ್ನೆಲ್ಲ ಕಳೆದು ಜನ ನಿಲ್ಲುವ ಜಾಗ ಎಷ್ಟು ಉಳಿಯಿತು ನೋಡಿ. ಆ ಮೈದಾನದಲ್ಲಿ ಉಳಿದದ್ದು ಸುಮಾರು 600 ಚದರ ಮೀಟರ್. ಚದರ ಮೀಟರಿಗೆ ಇಬ್ಬರಂತೆ 1,200 ಜನ ಆರಾಮಾಗಿ ನಿಲ್ಲಬಹುದು. ನಾಲ್ಕು ಜನ ಎಂದರೆ 2,400, ಅದು ಅಂಚು. ಐದು ದಾಟಿದರೆ ಮೈಗೆ ಮೈ ಒತ್ತಿಕೊಂಡು, ತನ್ನಿಷ್ಟಕ್ಕೆ ಹೆಜ್ಜೆ ಇಡಲಾಗದು. ಆರೇಳಕ್ಕೆ ಹೋದರೆ ಗುಂಪೇ ಅಲೆಯಂತೆ ಅತ್ತಿತ್ತ ತೂಗುತ್ತದೆ. ಕಾಲ್ತುಳಿತ ಅನ್ನುತ್ತೇವೆ, ಆದರೆ ಇಂಥ ಕಡೆ ಹೆಚ್ಚಿನವರು ಸಾಯುವುದು ಎದೆ ಒತ್ತಿ ಉಸಿರಾಡಲಾಗದೆ, ಎಷ್ಟೋ ಸಲ ನಿಂತ ನಿಲುವಿನಲ್ಲೇ.

ಗೇಟಿನ ಲೆಕ್ಕ ಇನ್ನೂ ಮುಖ್ಯ. ಸಮತಟ್ಟಾದ, ಅಡ್ಡಿಯಿಲ್ಲದ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ ಹೆಚ್ಚೆಂದರೆ 82 ಜನ ಹೊರಹೋಗಬಹುದು ಎಂಬುದು ಕ್ರೀಡಾಂಗಣಗಳಿಗೆ ಹಾಕುವ ಲೆಕ್ಕ. ಕತ್ತಲೆ, ಕಂಕುಳಲ್ಲಿ ಮಗು, ಕೈಯಲ್ಲಿ ಚಪ್ಪಲಿ ಇರುವ ನಮ್ಮ ಮೈದಾನಕ್ಕೆ 60 ಹಿಡಿಯುವುದು ವಾಸಿ. 1.8 ಮೀಟರಿಗೆ ನಿಮಿಷಕ್ಕೆ 108 ಜನ. 3,000 ಜನ ಆಚೆ ಬರಲು ಅರ್ಧ ಗಂಟೆ ಹತ್ತಿರ. ಮಳೆಯಲ್ಲಿ ಅಷ್ಟು ಹೊತ್ತು ಯಾರು ಕಾಯುತ್ತಾರೆ? ಎಂಟು ನಿಮಿಷದಲ್ಲಿ ಖಾಲಿಯಾಗಬೇಕಾದರೆ ಆರು ಮೀಟರಿಗಿಂತ ಹೆಚ್ಚು ಅಗಲ ಬೇಕು, ಅದೂ ಎರಡು ದಿಕ್ಕಿನಲ್ಲಿ. ಹಿಂದಿನ ಕಾಂಪೌಂಡಿನಲ್ಲಿ ಬೀಗ ಹಾಕಿದ ಚಿಕ್ಕ ಗೇಟು ಇದ್ದೇ ಇರುತ್ತದೆ. ಅದರ ಕೀ ಮುಖ್ಯ ಶಿಕ್ಷಕರ ಮನೆಯಲ್ಲಿದ್ದರೆ ಇದ್ದೂ ಇಲ್ಲದ ಹಾಗೆ. ಬೀಗ ತೆಗೆಸಿ, ಅಲ್ಲೊಬ್ಬ ಸ್ವಯಂಸೇವಕನನ್ನು ನಿಲ್ಲಿಸಿ, ಮೇಲೊಂದು ದೀಪ ಕಟ್ಟಿ.

2025ರ ಸೆಪ್ಟೆಂಬರ್ 27ರಂದು ಕರೂರಿನ ರಾಜಕೀಯ ಸಭೆಯಲ್ಲಿ 41 ಜನ ಸತ್ತರು. ಸಂಘಟಕರು ಹೇಳಿದ್ದು 10,000, ಬಂದದ್ದು ಸುಮಾರು 27,000 ಎಂದು ತಮಿಳುನಾಡು ಪೊಲೀಸರು ಹೇಳಿದರು. ನಾಯಕರು ಬರುವುದೂ ಗಂಟೆಗಟ್ಟಲೆ ತಡವಾಗಿತ್ತು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಅದೇ ವರ್ಷ ಜೂನ್ 4ರಂದು 11 ಜನ ಸತ್ತ ಮೇಲೆ ನಮ್ಮಲ್ಲೂ ಠಾಣೆಗಳು ಬಿಗಿಯಾಗಿವೆ. 2025ರ ಆಗಸ್ಟ್‌ನಲ್ಲಿ ಸರ್ಕಾರ ಮಂಡಿಸಿದ ಜನಸಂದಣಿ ನಿಯಂತ್ರಣ ಮಸೂದೆಯಲ್ಲಿ ಹತ್ತು ದಿನ ಮೊದಲೇ ಅರ್ಜಿ ಕೊಡಬೇಕೆಂದಿತ್ತು. 7,000ದೊಳಗಿನ ಜನಕ್ಕೆ ಠಾಣಾಧಿಕಾರಿ, ಅದರ ಮೇಲೆ 50,000ದವರೆಗೆ ಡಿವೈಎಸ್‌ಪಿ ಅನುಮತಿ ಕೊಡಬೇಕೆಂಬ ವಿಂಗಡಣೆ ಇತ್ತು. ಕಾನೂನಿನ ಮಾತು ಹಾಗಿರಲಿ, ಹದಿನೈದು ದಿನ ಮೊದಲು ಹೋಗದಿದ್ದರೆ ಕಾಗದಗಳೇ ಕೈ ಸೇರುವುದಿಲ್ಲ.

ಮೊದಲು ಜಾಗದವರ ಪತ್ರ. ಶಾಲಾ ಮೈದಾನವಾದರೆ ಶಿಕ್ಷಣ ಇಲಾಖೆಯದು, ಬೀದಿಯಾದರೆ ಪಾಲಿಕೆ, ಪುರಸಭೆ ಅಥವಾ ಗ್ರಾಮ ಪಂಚಾಯಿತಿಯದು. ಅದನ್ನೂ ಕೈಯಲ್ಲಿ ಬರೆದ ನಕ್ಷೆಯನ್ನೂ ಲಗತ್ತಿಸಿ ಠಾಣೆಗೆ ಅರ್ಜಿ ಕೊಟ್ಟು ಇನ್‌ವರ್ಡ್ ನಂಬರ್ (ಅರ್ಜಿ ದಾಖಲಾದ ಸಂಖ್ಯೆ) ತೆಗೆದುಕೊಳ್ಳಿ. ನಕ್ಷೆಯಲ್ಲಿ ಗೇಟುಗಳ ಅಗಲ, ಆಂಬುಲೆನ್ಸ್ ದಾರಿ, ಜನರೇಟರ್ ಜಾಗ, ಪಾರ್ಕಿಂಗ್ ಇರಲಿ. ಆ ನಂಬರ್ ಇಟ್ಟುಕೊಂಡು ಬೆಸ್ಕಾಂ, ಅಗ್ನಿಶಾಮಕ, ಲೋಕೋಪಯೋಗಿ, ತಾಲ್ಲೂಕು ಆಸ್ಪತ್ರೆ ಸುತ್ತಿ. ಸೀಲು ಹೊಡೆದ ಸ್ವೀಕೃತಿ ಪ್ರತಿ ಅನುಮತಿ ಅಲ್ಲ. ‘ಮಾಡ್ಕೊಳಿ ಹೋಗಿ’ ಅಂತ ಬಾಯಲ್ಲಿ ಹೇಳಿದ್ದೂ ಅಲ್ಲ. ಷರತ್ತುಗಳಿರುವ, ಸಹಿಯಾದ ಪತ್ರ ಕೈಗೆ ಬರುವ ತನಕ ಅಡ್ವಾನ್ಸ್ ಪೂರ್ತಿ ಕೊಡಬೇಡಿ.

ಹೆಚ್ಚು ಸಿಕ್ಕಿಕೊಳ್ಳುವುದು ವೇದಿಕೆಯ ಪತ್ರದಲ್ಲಿ. ಎಂಜಿನಿಯರ್ ಬಂದು ನೋಡಬೇಕಾದರೆ ವೇದಿಕೆ ಎದ್ದಿರಬೇಕು. ಶಾಮಿಯಾನದವರು ಕಾರ್ಯಕ್ರಮದ ದಿನ ಮಧ್ಯಾಹ್ನ ಲಾರಿ ತರುತ್ತಾರೆ. ಹಿಂದಿನ ದಿನವೇ ಕಟ್ಟಬೇಕೆಂದು ಬಾಡಿಗೆ ಮಾತಾಡುವಾಗಲೇ ಹೇಳಿ. 12 ಅಡಿಗೆ 8 ಅಡಿಯ ಎಲ್‌ಇಡಿ ಪರದೆಯೇ 300 ಕೆ.ಜಿ. ಆಸುಪಾಸು ತೂಗುತ್ತದೆ, ಅದನ್ನು ಸರ್ವೆ ಮರಕ್ಕೆ ಕಟ್ಟಲು ಒಪ್ಪಬೇಡಿ. ಮೇಲೆ ವಿದ್ಯುತ್ ತಂತಿ ಹಾದಿದ್ದರೆ ಜಾಗವನ್ನೇ ಬದಲಿಸಿ. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ಕಟೌಟ್ ನಿಲ್ಲಿಸಲು ಹೋದ ಮೂವರು ಯುವಕರು ತಂತಿ ತಗುಲಿ ಸತ್ತರು. ಕಂಬಕ್ಕೆ ಕೊಕ್ಕೆ ಹಾಕದೆ ತಾತ್ಕಾಲಿಕ ಸಂಪರ್ಕಕ್ಕೆ ಹಣ ಕಟ್ಟಿ, ಬೋರ್ಡಿನಲ್ಲಿ ಕರೆಂಟು ಸೋರಿದ ಕೂಡಲೇ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ ಹಾಕಿಸಿ.

ರಾತ್ರಿ ಹತ್ತಕ್ಕೆ ಮೈಕ್ ನಿಲ್ಲಬೇಕೆಂಬ 2000ದ ಶಬ್ದ ನಿಯಮ ಎಲ್ಲರಿಗೂ ಗೊತ್ತು. ಅದರಿಂದಾಗುವ ಎಡವಟ್ಟು ಮಾತ್ರ ಯಾರ ಲೆಕ್ಕದಲ್ಲೂ ಇಲ್ಲ. ಏಳಕ್ಕೆ ಬರಬೇಕಾದ ಗಾಯಕರು ಒಂಬತ್ತಕ್ಕೆ ಬರುತ್ತಾರೆ, ಅಷ್ಟರಲ್ಲಿ ಜನ ವೇದಿಕೆಗೆ ಅಂಟಿಕೊಂಡಿರುತ್ತಾರೆ. ಹತ್ತಕ್ಕೆ ಪೊಲೀಸರು ನಿಲ್ಲಿಸಿದರೆ ಎಲ್ಲರೂ ಒಟ್ಟಿಗೇ ಗೇಟಿಗೆ. ಹೆಸರಾದವರನ್ನು ಎಂಟರೊಳಗೆ ಹಾಡಿಸಿ, ಕೊನೆಯ ಗಂಟೆಗೆ ಊರ ಕಲಾವಿದರನ್ನು ಬಿಡಿ; ಜನ ತಾವಾಗಿಯೇ ಸ್ವಲ್ಪ ಸ್ವಲ್ಪ ಕರಗುತ್ತಾರೆ. ಊರವರಿಗೆ ಬೇಜಾರಾದೀತು, ಆಗಲಿ.

ನಿರೀಕ್ಷೆಗಿಂತ ಜನ ಜಾಸ್ತಿ ಬಂದರೆ ತಡೆಯಬೇಕಾದ್ದು ಗೇಟಿನಲ್ಲಲ್ಲ, ಅದಕ್ಕಿಂತ ನೂರಿನ್ನೂರು ಮೀಟರ್ ಮೊದಲೇ, ರಸ್ತೆಯ ತಿರುವಿನಲ್ಲಿ. ಗೇಟು ಮುಚ್ಚಿದರೆ ಒಳಗಿನವರಿಗೆ ದಾರಿ ಇಲ್ಲ, ಹೊರಗಿನವರು ಗೇಟಿಗೇ ಒತ್ತುತ್ತಾರೆ. ಗಲಾಟೆಯಾಯಿತೆಂದು ಲೈಟು ಆರಿಸಬೇಡಿ. ಒಂದು ಮೈಕ್ ಮತ್ತು ನಾಲ್ಕು ದೀಪಕ್ಕೆ ಬೇರೆ ಬ್ಯಾಟರಿ ಇರಲಿ. ಕಾರ್ಯಕ್ರಮ ನಿಲ್ಲಿಸುವ ಅಧಿಕಾರ ಯಾರದು ಎಂದು ಅರ್ಜಿಯಲ್ಲೇ ಒಬ್ಬರ ಹೆಸರು, ಫೋನ್ ನಂಬರ್ ಬರೆಯಿರಿ. ಆ ವ್ಯಕ್ತಿ ಅತಿಥಿಗಳ ಜೊತೆ ವೇದಿಕೆಯ ಕುರ್ಚಿಯಲ್ಲಿ ಕೂರದೆ ಕನ್ಸೋಲ್ ಪಕ್ಕದಲ್ಲಿ ನಿಂತಿರಬೇಕು.