ಪ್ಲೇಟ್ ಹಾಕಿಸೋಕೆ ಹೋದೆ, ತೆಗೆಸಿಕೊಂಡು ಬಂದೆ

ನಮ್ಮ ಮನೆಯ ಒಮ್ನಿ 1989ರದ್ದು. ಮಾರುತಿ ವ್ಯಾನಿಗೆ ಒಮ್ನಿ ಅಂತ ಹೆಸರು ಬಂದದ್ದೇ ಅದರ ಹಿಂದಿನ ವರ್ಷ. ಅಪ್ಪಯ್ಯ ಅದನ್ನು ತಂದಾಗ ನನಗೆ ಆರು ವರ್ಷ. ಇವತ್ತಿಗೂ ಮನೆಯಲ್ಲಿ ಯಾರೂ ಒಮ್ನಿ ಅನ್ನೋದಿಲ್ಲ. ಅದು ‘ವ್ಯಾನು’, ಅಷ್ಟೇ. ವಿಂಟೇಜ್ ಅಂತ ಹೇಳಿಕೊಳ್ಳೋಣ ಅಂದ್ರೆ ಸರ್ಕಾರದ ಲೆಕ್ಕದಲ್ಲಿ 50 ವರ್ಷ ತುಂಬಬೇಕಂತೆ. ಹಾಗಾಗಿ ಸದ್ಯಕ್ಕೆ ಹಳೇ ಗಾಡಿ.

ತಿಂಗಳಿಗೊಮ್ಮೆ ಅಮ್ಮನನ್ನು ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ತೀರ್ಥಹಳ್ಳಿಯಿಂದ ಆಗುಂಬೆ, ಘಾಟಿ ಇಳಿದು ಸೋಮೇಶ್ವರ, ಹೆಬ್ರಿ, ಮಣಿಪಾಲ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ಅಮ್ಮ ಹೋಟೆಲ್ ಊಟ ಮಾಡೋದಿಲ್ಲ. ತಂಬುಳಿಯ ಡಬ್ಬಿ ತೊಡೆ ಮೇಲೆ ಇಟ್ಟುಕೊಂಡೇ ಕೂರುತ್ತಾರೆ. ಕಳೆದ ಮಳೆಗಾಲದಲ್ಲಿ ಏಳನೇ ತಿರುವೋ ಎಂಟನೆಯದೋ, ಸಣ್ಣ ಗುಂಡಿಯೊಂದಕ್ಕೆ ಹಿಂದಿನ ಚಕ್ರ ಬಿತ್ತು. ಗಾಡಿಯ ಹಿಂಭಾಗ ಎದ್ದು ಒಂದು ಗೇಣು ಪಕ್ಕಕ್ಕೆ ಜಾರಿ ಕೂತಿತು. ವೇಗ ಇಪ್ಪತ್ತೂ ಇರಲಿಲ್ಲ. ತಂಬುಳಿ ಪೂರ್ತಿ ಅಮ್ಮನ ಸೀರೆ ಮೇಲೆ. ಅವರು ಏನೂ ಅನ್ನಲಿಲ್ಲ. ಅದೇ ಭಯ ಆಗಿದ್ದು.

ಇನ್ನೊಂದು ಪ್ಲೇಟ್ ಹಾಕಿಸಿದರೆ ಗಾಡಿ ಗಟ್ಟಿಯಾಗಿ ನಿಲ್ಲುತ್ತದೆ ಅಂತ ಅಂದುಕೊಂಡೆ. ಗಾಡಿಯ ಹಿಂಭಾಗವನ್ನು ಹೊರುವ, ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗಿಗೆ ನಮ್ಮ ಕಡೆ ಪ್ಲೇಟ್ ಅಂತಲೇ ಹೇಳೋದು. ನಾಲ್ಕು ವರ್ಷದ ಹಿಂದೆ ಒಂದು ಗ್ಯಾರೇಜಿನವರು ಹೀಗೇ ಒಂದು ಜಾಸ್ತಿ ಪ್ಲೇಟ್ ಹಾಕಿದ್ದರು. ಆಗ ನಾವು ಅಡಿಕೆ ಮೂಟೆ ಹೇರುತ್ತಿದ್ದೆವು, ಹಿಂದೆ ಕೂತುಬಿಡುತ್ತಿತ್ತು. ಜೊತೆಗೆ ಮುಂದಿನ ಕಾಯಿಲ್ ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರ್ ಬಫರ್ ಬೇರೆ ತೂರಿಸಿದ್ದರು. ‘ಇನ್ಮೇಲೆ ನೋಡಿ ಮೇಡಂ, ಹೊಸ ಗಾಡಿ’ ಅಂದಿದ್ದರು. ಗಾಡಿ ಎತ್ತರ ಆಗಿದ್ದು ನಿಜ. ನಾನು ನಂಬಿದೆ.

ಈಗ ಹೋಗಿದ್ದು ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿಗೆ. ಪ್ಲೇಟ್ ಕೆಲಸದ ಅಂಗಡಿ. ಬೋರ್ಡೇ ಇಲ್ಲ, ಹೆಸರು ಬರೆಯೋಣ ಅಂದ್ರೆ ನನಗೆ ಗೊತ್ತಿಲ್ಲ. ಹೊರಗೆ ಲಾರಿ ಪ್ಲೇಟ್‌ಗಳನ್ನು ಅಟ್ಟಿ ಕಟ್ಟಿ ಒರಗಿಸಿರುತ್ತಾರೆ, ಅದೇ ಗುರುತು. ನಡೆಸುವವರು ಅರವತ್ತು ದಾಟಿದ ಮೇಸ್ತ್ರಿ, ಜೊತೆಗೆ ಇಬ್ಬರು ಹುಡುಗರು.

‘ಇನ್ನೊಂದು ಪ್ಲೇಟ್ ಹಾಕಿ’ ಅಂದೆ. ಮೇಸ್ತ್ರಿ ಮಾತಾಡದೆ ಗಾಡಿಯ ಮುಂದಿನ ಮೂಲೆಯನ್ನು ಎರಡು ಕೈಯಲ್ಲಿ ಒತ್ತಿ ಬಿಟ್ಟರು. ಅದು ಎದ್ದು, ಬಿದ್ದು, ಮತ್ತೆ ಎದ್ದು, ಮತ್ತೆ ಬಿದ್ದಿತು. ‘ಶಾಕ್ ಸತ್ತಿದೆ. ಒಂದು ಸಲ ಎದ್ದು ಸುಮ್ನೆ ನಿಲ್ಲಬೇಕು’ ಅಂದರು. ಶಾಕ್ ಅಂದ್ರೆ ಸ್ಪ್ರಿಂಗಿನ ಕುಣಿತ ತಡೆಯೋ ಶಾಕ್ ಅಬ್ಸಾರ್ಬರ್. ಆಮೇಲೆ ಹಿಂದೆ ಬಗ್ಗಿ ನೋಡಿ ಕೇಳಿದರು, ‘ಅಮ್ಮಾ, ಇದರಲ್ಲಿ ಈಗ ಏನು ಹೇರ್ತೀರಿ?’

‘ಏನಿಲ್ಲ. ನಮ್ಮಮ್ಮ ಒಬ್ಬರು.’

‘ಅವರ ತೂಕಕ್ಕೆ ಇಷ್ಟು ಪ್ಲೇಟಾ?’

ನಾನು ಕೇಳದೆಯೇ ಅವರು ಬಿಡಿಸಿ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ಒಮ್ನಿ ಇಟ್ಟುಕೊಂಡವರಿಗೆ ಉಪಯೋಗ ಆಗಬಹುದು.

ಈ ಗಾಡಿಯಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗೆ ಇದೆ. ಓಡಿಸುವವರು ಕೂರೋದು ಮುಂದಿನ ಚಕ್ರಗಳ ಮೇಲೆ. ಖಾಲಿ ಗಾಡಿಯಲ್ಲಿ ಭಾರ ಎಲ್ಲ ಮುಂದೆ, ಹಿಂದೆ ಹಗುರ. ಆದರೆ ಎಳೆಯೋದು ಹಿಂದಿನ ಚಕ್ರ. ಆ ಹಗುರ ಹಿಂಭಾಗಕ್ಕೆ ಗಟ್ಟಿ ಪ್ಲೇಟ್ ಹಾಕಿದರೆ ಸ್ಪ್ರಿಂಗ್ ಬಗ್ಗೋದೇ ಇಲ್ಲ. ಗುಂಡಿ ಸಿಕ್ಕಿದಾಗ ಚಕ್ರ ರಸ್ತೆ ಬಿಟ್ಟು ಮೇಲೇಳುತ್ತದೆ. ನೆಲ ಮುಟ್ಟದ ಚಕ್ರಕ್ಕೆ ಹಿಡಿತ ಎಲ್ಲಿಂದ ಬರಬೇಕು? ತಿರುವಿನಲ್ಲಾದರೆ ಪಕ್ಕಕ್ಕೆ ಹಾರುತ್ತದೆ. ಹಿಂದಿನ ಆಕ್ಸಲ್ ಅಡ್ಡಕ್ಕೆ ಒಂದೇ ತುಂಡು ಬೇರೆ. ಎಡ ಚಕ್ರ ಗುಂಡಿಗೆ ಬಿದ್ದರೆ ಬಲ ಚಕ್ರಕ್ಕೂ ಗೊತ್ತಾಗುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಇರೋದು 1840 ಮಿಲಿಮೀಟರ್, ಅಂದ್ರೆ ಒಬ್ಬ ಉದ್ದ ಮನುಷ್ಯ ಮಲಗುವಷ್ಟು ಜಾಗ. ಚಕ್ರ 12 ಇಂಚಿನದು. ಇಷ್ಟು ಸಣ್ಣ ಗಾಡಿಗೆ ಪ್ರತಿ ಗುಂಡಿಯೂ ದೊಡ್ಡದೇ.

ಅಲ್ಲಿಗೆ ನನ್ನ ‘ಗಟ್ಟಿ ಮಾಡಿಸೋಣ’ ಅನ್ನೋ ಯೋಚನೆ ಮುಗಿಯಿತು.

ಟೈರ್ ಹೊಸದೇ ಅಂತ ನಾನು ವಾದ ಮಾಡಿದೆ. ಟೈರಿನ ಮೇಲಿನ ಅಚ್ಚು, ಗೆರೆ ಎಲ್ಲ ಚೆನ್ನಾಗಿತ್ತು. ಮೇಸ್ತ್ರಿ ಟೈರಿನ ಬದಿಯಲ್ಲಿ ಒಂದು ಸಣ್ಣ ಅಂಡಾಕಾರದೊಳಗಿನ ಅಂಕಿ ತೋರಿಸಿ ಓದಿಸಿದರು: 3214. 2014ನೇ ಇಸವಿಯ 32ನೇ ವಾರದಲ್ಲಿ ತಯಾರಾದ ಟೈರು. ಉಗುರಿನಲ್ಲಿ ಒತ್ತಿದರೆ ಕಲ್ಲು. ಜೊತೆಗೆ ಗಾಳಿ ನಾಲ್ಕಕ್ಕೂ 40 ಪಿಎಸ್‌ಐ ಇತ್ತು, ಈ ಗಾಡಿಗೆ ಅದು ಜಾಸ್ತಿ. ಪೆಟ್ರೋಲ್ ಬಂಕಿನ ಹುಡುಗನಿಗೆ ‘ಚೆನ್ನಾಗಿ ಹಾಕಪ್ಪ’ ಅಂತ ನಾನೇ ಹೇಳುತ್ತಿದ್ದೆ.

ಮಾಡಿದ ಕೆಲಸ ಇಷ್ಟು. ಹಿಂದಿನ ಜಾಸ್ತಿ ಪ್ಲೇಟ್ ಎರಡೂ ಕಡೆಯಿಂದ ತೆಗೆದರು. ಉಳಿದವನ್ನು ಬಿಚ್ಚಿ, ತುಕ್ಕು ಉಜ್ಜಿ, ನಡುವೆ ಗ್ರಾಫೈಟ್ ಗ್ರೀಸ್ ಹಚ್ಚಿ ಜೋಡಿಸಿದರು. ಸುಟ್ಟ ಆಯಿಲ್ ಸುರಿಯೋ ಅಭ್ಯಾಸ ನಮ್ಮಲ್ಲಿ ಇದೆ ಅಲ್ವಾ, ಅದರಿಂದ ಕೀಲುಗಳಲ್ಲಿ ಕೂರುವ ರಬ್ಬರ್ ಬುಷ್ ಊದಿ ಹಾಳಾಗುತ್ತದೆ ಅಂತ ಬೈದರು. ಪ್ಲೇಟಿನ ಬುಷ್, ಪ್ಲೇಟಿನ ತುದಿಯನ್ನು ಗಾಡಿಗೆ ಸೇರಿಸುವ ಕೊಂಡಿಯ (ಶ್ಯಾಕಲ್) ಬುಷ್, ಮುಂದಿನ ಚಕ್ರ ಹಿಡಿದಿರುವ ಕೆಳಗಿನ ತೋಳಿನ (ಲೋವರ್ ಆರ್ಮ್) ಬುಷ್, ಎಲ್ಲ ಹೊಸದು. ಪ್ಲೇಟನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್ ಹೊಸದು. ನಾಲ್ಕೂ ಶಾಕ್ ಗೇಬ್ರಿಯಲ್ ಕಂಪನಿಯದು. ಮುಂದಿನ ರಬ್ಬರ್ ಬಫರ್‌ಗಳನ್ನು ಕಿತ್ತು ನನ್ನ ಕೈಗೇ ಕೊಟ್ಟರು. ಈಗ ಕೊಟ್ಟಿಗೆ ಬಾಗಿಲು ಗಾಳಿಗೆ ಬಡಿಯದ ಹಾಗೆ ಒತ್ತಿಡೋಕೆ ಬಳಸುತ್ತಿದ್ದೇವೆ.

ಒಂದು ವಿಷಯಕ್ಕೆ ಮಾತ್ರ ಈ ಅಂಗಡಿಗೆ ನಾನು ಪೂರ್ತಿ ಮಾರ್ಕ್ಸ್ ಕೊಡುತ್ತೇನೆ. ಬುಷ್ ಹಾಕಿದ ಮೇಲೆ ಹುಡುಗ ಗಾಡಿ ಜ್ಯಾಕಿನ ಮೇಲೆ ಇರುವಾಗಲೇ ಬೋಲ್ಟ್ ಬಿಗಿ ಮಾಡೋಕೆ ಹೊರಟ. ಮೇಸ್ತ್ರಿ ತಡೆದರು. ಗಾಡಿ ಇಳಿಸಿ, ನಾಲ್ಕು ಚಕ್ರದ ಮೇಲೆ ನಿಲ್ಲಿಸಿ, ಒಂದೆರಡು ಸಲ ಅಲ್ಲಾಡಿಸಿ, ಆಮೇಲೆ ಕೆಳಗೆ ನುಸುಳಿ ಬಿಗಿ ಮಾಡಿಸಿದರು. ಚಕ್ರ ತೂಗಾಡುವಾಗ ಬಿಗಿ ಮಾಡಿದರೆ, ಗಾಡಿ ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ನಿಲ್ಲುತ್ತದೆ. ಬೇಗ ಹರಿಯುತ್ತದೆ. ಇದುವರೆಗೆ ನಾನು ಕಂಡ ಯಾವ ಗ್ಯಾರೇಜಿನಲ್ಲೂ ಇದನ್ನು ಮಾಡಿದ್ದು ನೋಡಿಲ್ಲ.

ಅಲೈನ್‌ಮೆಂಟಿಗೆ ಪಕ್ಕದ ಅಂಗಡಿಗೆ ಕಳಿಸಿದರು. ಕಳೆದ ಸಲ ಬೇರೆ ಊರಿನ ಟೈರ್ ಅಂಗಡಿಯೊಂದು ಕ್ಯಾಂಬರ್, ಅಂದ್ರೆ ಚಕ್ರದ ಮೇಲ್ಭಾಗ ಒಳಗೋ ಹೊರಗೋ ವಾಲಿರೋದನ್ನು, ಸರಿ ಮಾಡಿದ್ದಕ್ಕೆ ಅಂತ ನನ್ನಿಂದ ದುಡ್ಡು ತೆಗೆದುಕೊಂಡಿತ್ತು. ಮೇಸ್ತ್ರಿ ನಕ್ಕರು. ಈ ಗಾಡಿಯಲ್ಲಿ ಸ್ಟೇರಿಂಗಿನ ಟೈ ರಾಡ್ ತಿರುಗಿಸಿ ಟೋ, ಅಂದ್ರೆ ಚಕ್ರದ ಮುಂಭಾಗ ಒಳಗೋ ಹೊರಗೋ ತಿರುಗಿರೋದನ್ನು, ಹೊಂದಿಸಬಹುದು, ಕ್ಯಾಂಬರ್ ತಿರುಗಿಸೋ ಬೋಲ್ಟೇ ಇಲ್ಲವಂತೆ.

ಖರ್ಚು: ಸಾಮಾನು, ಕೂಲಿ ಸೇರಿ 10,200 ರೂಪಾಯಿ. ಟೈರ್ ನಾಲ್ಕಕ್ಕೆ ಬೇರೆ 11,600. ಅಲೈನ್‌ಮೆಂಟ್ 350.

ಬೇಜಾರಿನ ವಿಷಯಗಳೂ ಇವೆ. ಎರಡು ದಿನ ಅಂದವರು ಐದು ದಿನ ಮಾಡಿದರು. ನಾನು ಎರಡು ಸಲ ಬಸ್ಸಿನಲ್ಲಿ ಸುಮ್ನೆ ಹೋಗಿ ಬಂದೆ. ಗಾಜನೂರು, ಸಕ್ರೆಬೈಲು, ಮಂಡಗದ್ದೆ ಎಲ್ಲ ಕಿಟಕಿಯಲ್ಲೇ ನೋಡಿದೆ. ಫೋನ್ ಎತ್ತೋದಿಲ್ಲ. ಬಿಲ್ ಅಂದ್ರೆ ಸಿಗರೇಟ್ ಪ್ಯಾಕಿನ ಹಿಂದೆ ಬರೆದ ಅಂಕಿ. ಹೆಂಗಸರು ಕೂತು ಕಾಯೋಕೆ ಜಾಗವಿಲ್ಲ, ಶೌಚಾಲಯ ಕೇಳಲೇಬೇಡಿ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಬಲಗಡೆ ಬರುತ್ತಿದ್ದ ‘ಟಕ್’ ಸದ್ದು ಇನ್ನೂ ಹೋಗಿಲ್ಲ. ಮುಂದಿನ ಶಾಕ್ ಇರುವ ಕಂಬವನ್ನು (ಸ್ಟ್ರಟ್) ಮೇಲೆ ಗಾಡಿಗೆ ಹಿಡಿದಿಡುವ ಮೌಂಟ್ ಇರಬೇಕು, ಸಾಮಾನು ತರಿಸಬೇಕು ಅಂದಿದ್ದಾರೆ.

ಗಾಡಿ ಹೇಗಿದೆ? ಮೊದಲ ದಿನ ನನಗೆ ಇಷ್ಟವಾಗಲಿಲ್ಲ. ಹಿಂದೆ ಒಂದೂವರೆ ಇಂಚು ಇಳಿದು ಸೋತ ಹಾಗೆ ಕಾಣುತ್ತಿತ್ತು. ತಿರುವಿನಲ್ಲಿ ಮೊದಲಿಗಿಂತ ಸ್ವಲ್ಪ ಜಾಸ್ತಿ ವಾಲುತ್ತದೆ ಕೂಡ. ಆದರೆ ವಾಲಿದ್ದು ನಿಧಾನಕ್ಕೆ ವಾಲುತ್ತದೆ, ಹಾಗೇ ನಿಲ್ಲುತ್ತದೆ, ಚಕ್ರ ನೆಲ ಬಿಡೋದಿಲ್ಲ. ಎರಡು ತಿರುವು ಇಳಿಯುವಷ್ಟರಲ್ಲಿ ನನ್ನ ಕೈ ಸ್ಟೇರಿಂಗನ್ನು ಹಿಸುಕೋದು ಬಿಟ್ಟಿತ್ತು. ಬ್ರೇಕ್ ಒತ್ತಿದಾಗ ಮೂಗು ನೆಲಕ್ಕೆ ಕುಕ್ಕೋದೂ ಕಮ್ಮಿಯಾಗಿದೆ. ಉಡುಪಿ ಹತ್ತಿರ ಹೈವೇಯಲ್ಲಿ ಬಸ್ಸು ರಪ್ಪನೆ ದಾಟಿದರೆ ಮಾತ್ರ ಈಗಲೂ ಗಾಡಿ ಒಂದು ಮೊಳ ಸರಿಯುತ್ತದೆ. ಎತ್ತರದ ಹಗುರ ಡಬ್ಬ, ಗಾಳಿಗೆ ಯಾವ ಪ್ಲೇಟೂ ಮದ್ದಲ್ಲ. ಅಲ್ಲಿ ಐವತ್ತರ ಮೇಲೆ ನಾನು ಹೋಗೋದಿಲ್ಲ.

ಅಡಿಕೆ ಮೂಟೆ ಹೇರುವವರಿಗೆ ನನ್ನ ಸೆಟ್ಟಿಂಗ್ ಆಗೋದಿಲ್ಲ, ಅದನ್ನೂ ಹೇಳಬೇಕು. ಏನು ಹೇರ್ತೀರಿ ಅಂತ ಮೊದಲು ಮೇಸ್ತ್ರಿಗೆ ಹೇಳಿ.

500 ಕಿ.ಮೀ. ಆದ ಮೇಲೆ ಬಾ ಅಂದಿದ್ದರು. ಹೋದೆ. ಯು ಬೋಲ್ಟ್‌ಗಳು ಕಾಲು ಸುತ್ತು ತಿರುಗಿದವು. ಹೊಸ ಬೋಲ್ಟ್ ಹಾಗೇ, ಸ್ವಲ್ಪ ಸಡಿಲ ಆಗುತ್ತದೆ. ದುಡ್ಡು ತೆಗೆದುಕೊಳ್ಳಲಿಲ್ಲ. ಅಮ್ಮ ಕಳಿಸಿದ್ದ ಮಾವಿನಮಿಡಿ ಉಪ್ಪಿನಕಾಯಿ ಬಾಟಲಿ ಮಾತ್ರ ತೆಗೆದುಕೊಂಡರು. ಅದನ್ನು ಹಳೇ ಪ್ಲೇಟಿನ ರಾಶಿ ಮೇಲೆ ಇಟ್ಟು, ‘ಆ ಟಕ್ ಸದ್ದಿನ ಸಾಮಾನು ಇನ್ನೂ ಬಂದಿಲ್ಲಮ್ಮಾ’ ಅಂದರು.